ರಾಡ್, ಪ್ಲೇಟ್, ಸ್ಕ್ರೂ: ಮುರಿದ ಮೂಳೆ ಕೂಡುವ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಮ್ಮನ ತೊಡೆ ಮೂಳೆ ನಾಲ್ಕೈದು ಚೂರಾಗಿತ್ತು, ಒಳಗೆ ರಾಡ್ ಹಾಕಿದ್ದಾರೆ. ಎಕ್ಸ್‌ರೇಯಲ್ಲಿ ಚೂರುಗಳ ನಡುವೆ ಸಂದು ಎದ್ದು ಕಾಣುತ್ತದೆ, ಆದರೂ ಡಾಕ್ಟರು ಸರಿಯಾಗಿದೆ ಎನ್ನುತ್ತಾರೆ. ಅಕ್ಕನ ಮುಂಗೈ ಮುರಿದಾಗ ಪ್ಲೇಟ್ ಹಾಕಿ ಕೂದಲೆಳೆಯಷ್ಟೂ ಸಂದಿಲ್ಲದಂತೆ ಜೋಡಿಸಿದ್ದರು. ಹಾಗಾದರೆ ತಮ್ಮನ ಆಪರೇಷನ್ ಸರಿಯಾಗಿ ಆಗಿಲ್ಲವೇ?

ಉತ್ತರ: ಎರಡೂ ಸರಿಯಾಗಿಯೇ ಆಗಿರಬಹುದು. ಮೂಳೆ ಕೂಡಲು ಎರಡು ದಾರಿಗಳಿವೆ. ನಿಮ್ಮ ಅಕ್ಕನದು ಒಂದು ದಾರಿ, ತಮ್ಮನದು ಇನ್ನೊಂದು.

ಮುರಿದ ಜಾಗದಲ್ಲಿ ಅಲುಗಾಟ ಎಷ್ಟಿದೆ ಎನ್ನುವುದಕ್ಕಿಂತ, ಆ ಅಲುಗಾಟ ಎಷ್ಟು ಅಗಲದ ಸಂದಿನಲ್ಲಿ ಹಂಚಿಹೋಗುತ್ತಿದೆ ಎನ್ನುವುದು ಮುಖ್ಯ. 1 ಮಿಲಿಮೀಟರ್ ಸಂದಿನಲ್ಲಿ ತುದಿಗಳು ಅರ್ಧ ಮಿಲಿಮೀಟರ್ ಅಲುಗಿದರೆ ನಡುವಿನ ಎಳೆ ಅಂಗಾಂಶ ಶೇ 50ರಷ್ಟು ಎಳೆತಕ್ಕೆ ಸಿಗುತ್ತದೆ. ಅದೇ ಅರ್ಧ ಮಿಲಿಮೀಟರ್ ಅಲುಗಾಟ ಹಲವು ಚೂರುಗಳ ನಡುವೆ ಒಟ್ಟು 20 ಮಿಲಿಮೀಟರ್ ಸಂದಿನಲ್ಲಿ ಹಂಚಿಹೋದರೆ ಎಳೆತ ಶೇ 2.5 ಮಾತ್ರ. ಗಾಯ ತುಂಬಲು ಮೊದಲು ಬರುವ ಕೆಂಪು ಎಳೆ ಅಂಗಾಂಶ ಶೇ 100ರವರೆಗಿನ ಎಳೆತವನ್ನೂ ಸಹಿಸುತ್ತದೆ. ಮೃದ್ವಸ್ಥಿ ಸುಮಾರು ಶೇ 10 ತಡೆದುಕೊಳ್ಳುತ್ತದೆ. ಗಟ್ಟಿ ಮೂಳೆಗೆ ತಡೆಯುವುದು ಸುಮಾರು ಶೇ 2 ಅಷ್ಟೇ. ಸ್ವಿಟ್ಜರ್ಲೆಂಡಿನ ಮೂಳೆ ಸಂಶೋಧಕ ಸ್ಟೀಫನ್ ಪೆರೆನ್ ಈ ಲೆಕ್ಕವನ್ನು ಮುಂದಿಟ್ಟ ಮೇಲೆ ಮೂಳೆ ಶಸ್ತ್ರಚಿಕಿತ್ಸಕರ ಯೋಚನೆಯೇ ಬದಲಾಯಿತು.

ಮುಂಗೈ ಮೂಳೆ ಎರಡೇ ತುಂಡಾಗಿದ್ದರೆ ಇರುವುದು ಒಂದೇ ಸಂದು, ಅದೂ ಕಿರಿದು. ಅಲ್ಲಿ ಸ್ವಲ್ಪ ಅಲುಗಿದರೂ ಎಳೆತ ಮಿತಿ ಮೀರುತ್ತದೆ. ಹಾಗಾಗಿ ತುದಿಗಳನ್ನು ಒತ್ತಿ ಹಿಡಿದು ಅಲುಗಾಟವನ್ನೇ ನಿಲ್ಲಿಸಬೇಕು. ಇದಕ್ಕೆ ಲ್ಯಾಗ್ ಸ್ಕ್ರೂ ಬಳಸುತ್ತಾರೆ. 3.5 ಮಿ.ಮೀ. ಸ್ಕ್ರೂಗೆ ಮೂಳೆಯ ಹತ್ತಿರದ ಗೋಡೆಯಲ್ಲಿ 3.5 ಮಿ.ಮೀ. ತೂತು, ದೂರದ ಗೋಡೆಯಲ್ಲಿ 2.5 ಮಿ.ಮೀ. ತೂತು ಕೊರೆಯುತ್ತಾರೆ. ಸ್ಕ್ರೂವಿನ ಮರೆ, ಅಂದರೆ ಅದರ ಸುತ್ತಲಿನ ಸುರುಳಿ ಏಣು, ದೂರದ ಗೋಡೆಯನ್ನು ಮಾತ್ರ ಹಿಡಿಯುತ್ತದೆ. ತಿರುಗಿಸಿದಂತೆ ಸ್ಕ್ರೂವಿನ ತಲೆ ಹತ್ತಿರದ ತುಂಡನ್ನು ಒತ್ತುತ್ತದೆ, ಸಂದು ಮುಚ್ಚುತ್ತದೆ. ಎರಡೂ ಕಡೆ 2.5 ಕೊರೆದರೆ ಮರೆ ಎರಡೂ ಗೋಡೆಗಳನ್ನು ಕಚ್ಚಿಕೊಂಡು ಸಂದನ್ನು ಇದ್ದಂತೆಯೇ ಬಿಗಿದುಬಿಡುತ್ತದೆ. ಎಷ್ಟು ಬಿಗಿ ಮಾಡಿದರೂ ಮುಚ್ಚುವುದಿಲ್ಲ. ಒತ್ತಡದಲ್ಲಿ ಸರಿಯಾಗಿ ಕೂತ ಮೂಳೆ ಗೆಡ್ಡೆ (ಮುರಿತದ ಸುತ್ತ ಬೆಳೆಯುವ ಹೊಸ ಮೂಳೆಯ ಉಬ್ಬು, ಕ್ಯಾಲಸ್) ಕಟ್ಟದೆ ನೇರವಾಗಿ ಕೂಡುತ್ತದೆ. ಮೂಳೆ ತಿನ್ನುವ ಜೀವಕೋಶಗಳು ಮುಂದೆ, ಮೂಳೆ ಕಟ್ಟುವವು ಹಿಂದೆ, ದಿನಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ದೂರ ಸಾಗುತ್ತಾ ಮುರಿತವನ್ನು ದಾಟುತ್ತವೆ. ನಿಧಾನದ ಕೆಲಸ ಇದು. ಎಕ್ಸ್‌ರೇಯಲ್ಲಿ ಗೆಡ್ಡೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಇಂಥ ಕಡೆ ಗೆಡ್ಡೆ ಕಂಡರೆ ಎಲ್ಲೋ ಅಲುಗಾಡುತ್ತಿದೆ ಎಂದು ಅನುಮಾನಿಸಬೇಕು.

ತಮ್ಮನ ತೊಡೆಯಲ್ಲಿ ಪ್ರತಿ ಚೂರನ್ನೂ ಹುಡುಕಿ ಜೋಡಿಸಲು ಹೋದರೆ ಮೂಳೆಗೆ ಅಂಟಿದ ಪೊರೆ, ಸ್ನಾಯು ಎಲ್ಲವನ್ನೂ ಬಿಡಿಸಬೇಕಾಗುತ್ತದೆ. ಮೂಳೆಯ ಗಟ್ಟಿ ಗೋಡೆಯ ಹೊರಗಿನ ಸುಮಾರು ಮೂರನೇ ಒಂದು ಭಾಗಕ್ಕೆ ರಕ್ತ ಬರುವುದೇ ಆ ಪೊರೆಯಿಂದ. ಒಳಗಿನ ಉಳಿದ ಭಾಗಕ್ಕೆ ಮಜ್ಜೆಯ ಕಡೆಯಿಂದ ಬರುತ್ತದೆ. ರಾಡ್ ಕೂರಿಸಲು ಒಳಗೆ ಕೊರೆದಾಗ ಮಜ್ಜೆಯ ಕಡೆಯ ರಕ್ತ ಕೆಲವು ವಾರ ಕುಂದುತ್ತದೆ, ಆ ಹೊತ್ತಿಗೆ ಹೊರಗಿನ ಪೊರೆಯೇ ಆಸರೆ. ಅದನ್ನೂ ಕಿತ್ತರೆ ಚೂರುಗಳು ಸತ್ತ ಮೂಳೆಯಾಗುತ್ತವೆ. ಆದ್ದರಿಂದ ಉದ್ದ, ನೇರ, ತಿರುವು ಈ ಮೂರನ್ನು ಸರಿಪಡಿಸಿ, ನಡುವಿನ ಚೂರುಗಳನ್ನು ಮುಟ್ಟದೆ ಬಿಡುತ್ತಾರೆ. ಅಲ್ಪಸ್ವಲ್ಪ ಅಲುಗಾಟ ಅಲ್ಲಿ ಬೇಕು. ಅದೇ ಗೆಡ್ಡೆ ಕಟ್ಟಲು ಪ್ರಚೋದನೆ. ಎರಡು ಮೂರು ವಾರಕ್ಕೆ ಮೆತ್ತನೆಯ ಗೆಡ್ಡೆ, ಆಮೇಲಿನ ತಿಂಗಳುಗಳಲ್ಲಿ ಗಟ್ಟಿ ಗೆಡ್ಡೆ. ಮುಂದಿನ ಎಕ್ಸ್‌ರೇಗಳಲ್ಲಿ ಸಂದಿನ ಸುತ್ತ ಮೋಡದಂಥ ಬಿಳುಪು ದಟ್ಟವಾಗುತ್ತಾ ಹೋದರೆ ನಿಶ್ಚಿಂತೆಯಿಂದಿರಿ. ಕೀಲಿನ ಒಳಗೆ ಸೇರುವ ಮುರಿತಗಳಿಗೆ ಮಾತ್ರ ಈ ಸಡಿಲಿಕೆ ಇಲ್ಲ, ಅಲ್ಲಿ ಮೇಲ್ಮೈ ಸಮನಾಗಿ ಕೂರಲೇಬೇಕು.

ಪ್ರಶ್ನೆ: ಏಳು ತಿಂಗಳ ಹಿಂದೆ ತೊಡೆ ಮೂಳೆಗೆ ಹಾಕಿದ ಪ್ಲೇಟ್, ಬೀಳದೆ ಏಳದೆ, ಸುಮ್ಮನೆ ನಡೆಯುವಾಗ ಮುರಿದುಹೋಯಿತು. ಕಳಪೆ ಪ್ಲೇಟ್ ಹಾಕಿದ್ದರು ಎನ್ನಬಹುದೇ?

ಉತ್ತರ: ಹಾಗೂ ಆಗಬಹುದು, ಆದರೆ ಅಪರೂಪ. ಏಳು ತಿಂಗಳಿಗೆ ಪ್ಲೇಟ್ ಮುರಿದಿದೆ ಎಂದರೆ ಮೂಳೆ ಕೂಡಿಲ್ಲ ಎಂದೇ ಮೊದಲು ತಿಳಿಯಬೇಕು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಒಂದು ಹಂತದಲ್ಲಿ ತುಂಡಾಗುವಂತೆ ಲೋಹವೂ ದಣಿಯುತ್ತದೆ. ದಿನಕ್ಕೆ 5,000 ಹೆಜ್ಜೆ ನಡೆಯುವವರ ಒಂದೊಂದು ಕಾಲಿಗೂ 2,500 ಸಲ ಭಾರ ಬೀಳುತ್ತದೆ. ವರ್ಷಕ್ಕೆ ಒಂಬತ್ತು ಲಕ್ಷಕ್ಕೂ ಹೆಚ್ಚು. ಮೂಳೆ ಕೂಡುತ್ತಾ ಬಂದಂತೆ ಭಾರವನ್ನು ಅದೇ ಹೊರತೊಡಗುತ್ತದೆ, ಪ್ಲೇಟ್ ಬದುಕುತ್ತದೆ. ಮೂಳೆ ಕೂಡದಿದ್ದರೆ ಎಷ್ಟೇ ಒಳ್ಳೆಯ ಲೋಹವೂ ಒಂದು ದಿನ ಸೋಲುತ್ತದೆ. ಲೋಹದ ದಣಿವು ಮತ್ತು ಮೂಳೆಯ ಕೂಡುವಿಕೆ ಇವೆರಡರ ನಡುವೆ ಓಟದ ಪಂದ್ಯ ನಡೆಯುತ್ತಿರುತ್ತದೆ. ಆಪರೇಷನ್ನಿನ ಅರ್ಧ ಯೋಜನೆ ಮೂಳೆಗೆ ಮುನ್ನಡೆ ಕೊಡುವುದೇ.

ಮುರಿದ ಪ್ಲೇಟಿನ ಎಕ್ಸ್‌ರೇಯನ್ನು ಹತ್ತಿರದಿಂದ ನೋಡಿ. ಬಹುತೇಕ ಅದು ಮುರಿತದ ಎದುರಿನ ಸ್ಕ್ರೂ ತೂತಿನಲ್ಲೇ ತುಂಡಾಗಿರುತ್ತದೆ. ಅಲ್ಲಿ ಲೋಹ ತೆಳು, ಬಾಗುವ ಒತ್ತಡವೆಲ್ಲ ಸೇರುವುದೂ ಅಲ್ಲೇ. ಆಚೀಚೆಯ ಹತ್ತಿರದ ಎರಡು ಸ್ಕ್ರೂಗಳ ನಡುವಿನ ಅಂತರ ಕಿರಿದಾದಷ್ಟೂ ಒತ್ತಡ ಒಂದೇ ಬಿಂದುವಿಗೆ ಬೀಳುತ್ತದೆ. ಚೂರಾದ ಮುರಿತದ ಮೇಲೆ ಸೇತುವೆ ಪ್ಲೇಟ್ (ಚೂರುಗಳನ್ನು ದಾಟಿ ಆಚೀಚೆಯ ಮೂಳೆಯನ್ನು ಹಿಡಿಯುವ ಪ್ಲೇಟ್) ಹಾಕುವಾಗ ನಡುವೆ ಎರಡು ಮೂರು ತೂತುಗಳನ್ನು ಖಾಲಿ ಬಿಡುವುದು ಅದಕ್ಕೇ. ಖಾಲಿ ತೂತು ಕಂಡು ‘ಸ್ಕ್ರೂ ಹಾಕಲು ಮರೆತಿದ್ದಾರೆ’ ಎಂದು ದೂರುವವರಿದ್ದಾರೆ. ವಾಸ್ತವದಲ್ಲಿ ಎಲ್ಲ ತೂತಿಗೂ ಸ್ಕ್ರೂ ತುಂಬುವುದೇ ಹೆಚ್ಚು ಸಲ ತಪ್ಪಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಅತಿ ಕೆಟ್ಟ ಸ್ಥಿತಿ ಇದು: ಎರಡೇ ತುಂಡಾದ ಮೂಳೆಯಲ್ಲಿ ಸಣ್ಣ ಸಂದನ್ನು ಹಾಗೇ ಬಿಟ್ಟು, ಮೇಲೆ ಲಾಕಿಂಗ್ ಪ್ಲೇಟನ್ನು ಸ್ಕ್ರೂಗಳಿಂದ ತುಂಬಿ ಬಿಗಿಯುವುದು. ಲಾಕಿಂಗ್ ಸ್ಕ್ರೂವಿನ ತಲೆಗೂ ಮರೆ ಇದ್ದು ಅದು ಪ್ಲೇಟಿನಲ್ಲೇ ಕಚ್ಚಿ ಕೂರುವುದರಿಂದ ಅದು ಮೂಳೆಯನ್ನು ಪ್ಲೇಟಿನತ್ತ ಎಳೆಯುವುದಿಲ್ಲ, ಸಂದನ್ನೂ ಒತ್ತುವುದಿಲ್ಲ. ನೇರವಾಗಿ ಕೂಡಲು ಬೇಕಾದ ಒತ್ತಡ ಅಲ್ಲಿಲ್ಲ, ಗೆಡ್ಡೆ ಕಟ್ಟಲು ಬೇಕಾದ ಅಲುಗಾಟವೂ ಇಲ್ಲ. ಟೊಳ್ಳು ಮೂಳೆಗೆ ವರವಾದ ಉಪಕರಣವೇ ಇಲ್ಲಿ ಮೂಳೆ ಕೂಡದಂತೆ ಹಿಡಿದಿಡುತ್ತದೆ.

ಮತ್ತೆ ಆಪರೇಷನ್ ಮಾಡುವ ಮುಂಚೆ ಎರಡು ವಿಷಯ ಇತ್ಯರ್ಥವಾಗಲಿ. ಮೊದಲನೆಯದು ಸೋಂಕು. ಹೊರಗೆ ಕೀವಿಲ್ಲದಿದ್ದರೂ ಒಳಗಿರಬಹುದು. ರಕ್ತದಲ್ಲಿ ಸಿಆರ್‌ಪಿ, ಇಎಸ್‌ಆರ್ (ಉರಿಯೂತ ಸೂಚಿಸುವ ಪರೀಕ್ಷೆಗಳು) ನೋಡಿಸಿ. ಆಪರೇಷನ್ ವೇಳೆ ಬೇರೆ ಬೇರೆ ಕಡೆಯಿಂದ ಐದಾರು ಅಂಗಾಂಶ ಮಾದರಿಗಳನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಬೇಕು. ಎರಡನೆಯದು, ಕೂಡದ ಮೂಳೆಯ ತುದಿಗಳು ಹೇಗಿವೆ? ಆನೆಯ ಪಾದದಂತೆ ಅಗಲವಾಗಿ ಗೆಡ್ಡೆ ಕಟ್ಟಿದ್ದರೆ ಜೀವ ಇದೆ, ಭದ್ರತೆ ಸಾಲದು. ಗಟ್ಟಿಯಾಗಿ ಹಿಡಿದಿಟ್ಟರೆ ಸಾಮಾನ್ಯವಾಗಿ ಅಷ್ಟೇ ಸಾಕು. ತುದಿಗಳು ಸವೆದು ಚೂಪಾಗಿ, ಗೆಡ್ಡೆಯೇ ಇಲ್ಲದಿದ್ದರೆ ಕೊರತೆ ರಕ್ತದ್ದು, ಜೀವಕೋಶದ್ದು. ಆಗ ಸತ್ತ ಮೂಳೆಯನ್ನು ರಕ್ತ ಜಿನುಗುವವರೆಗೆ ಕತ್ತರಿಸಿ, ಸೊಂಟದ ಎಲುಬಿನಿಂದ ತೆಗೆದ ರೋಗಿಯದೇ ಮೂಳೆಯನ್ನು ತುಂಬಬೇಕು. ಅದರಲ್ಲಿ ಬದುಕಿರುವ ಕೋಶಗಳು, ಮೂಳೆ ಬೆಳೆಯಲು ಹುರಿದುಂಬಿಸುವ ಪ್ರೋಟೀನ್, ಹೊಸ ಮೂಳೆ ಹಬ್ಬಲು ಹಂದರ ಮೂರೂ ಇರುತ್ತವೆ. ಬಾಟಲಿಯಲ್ಲಿ ಬರುವ ಕೃತಕ ಹರಳುಗಳಲ್ಲಿ ಹಂದರ ಮಾತ್ರ ಇರುತ್ತದೆ.

ಪ್ರಶ್ನೆ: ಟೈಟಾನಿಯಮ್ ಒಳ್ಳೆಯದೋ ಸ್ಟೀಲ್ ಒಳ್ಳೆಯದೋ? ಆಮೇಲೆ ಎಂಆರ್‌ಐ ಮಾಡಿಸಬಹುದೇ?

ಉತ್ತರ: ಲೋಹಕ್ಕಿಂತ ಅದನ್ನು ಹಾಕಿದ ರೀತಿ ಮುಖ್ಯ. ಬಾಗುವ ಗುಣದಲ್ಲಿ ವ್ಯತ್ಯಾಸವಿದೆ. ಗಟ್ಟಿ ಮೂಳೆಯ ಬಿರುಸು ಸುಮಾರು 17ರಿಂದ 20 ಗಿಗಾಪಾಸ್ಕಲ್ (ಬಿರುಸನ್ನು ಅಳೆಯುವ ಮಾನ), ಟೈಟಾನಿಯಮ್ ಮಿಶ್ರಲೋಹದ್ದು ಸುಮಾರು 110, ಸ್ಟೀಲಿನದು 190ರಿಂದ 200. ಟೈಟಾನಿಯಮ್ ಮೂಳೆಗೆ ಸ್ವಲ್ಪ ಹತ್ತಿರ. ಆದರೆ ಅದಕ್ಕೆ ಗೀರು ಬಿದ್ದರೆ, ಒಮ್ಮೆ ಬಾಗಿಸಿ ಮತ್ತೆ ಹಿಂದಕ್ಕೆ ಬಾಗಿಸಿದರೆ ಬಲ ಬೇಗ ಕುಂದುತ್ತದೆ. ಗಾತ್ರ ತರುವ ವ್ಯತ್ಯಾಸ ಲೋಹದ ವ್ಯತ್ಯಾಸಕ್ಕೆ ಸುಲಭವಾಗಿ ಸಾಟಿಯಾಗುತ್ತದೆ. ಪ್ಲೇಟಿನ ಬಿರುಸು ದಪ್ಪದ ಘನಕ್ಕೆ ತಕ್ಕಂತೆ, ತುಂಬು ರಾಡಿನದು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 10 ಮಿ.ಮೀ. ರಾಡ್ ಬದಲು 12 ಮಿ.ಮೀ. ಹಾಕಿದರೆ ಬಿರುಸು ಎರಡು ಪಟ್ಟಿಗಿಂತ ತುಸು ಹೆಚ್ಚು. ಸ್ಟೀಲಿನಲ್ಲಿ ನಿಕ್ಕಲ್ ಇರುವುದರಿಂದ ಆಭರಣ, ಗಡಿಯಾರದ ಪಟ್ಟಿಗೆ ಚರ್ಮ ತುರಿಸುವವರು ಮೊದಲೇ ಹೇಳಬೇಕು. ಒಂದೇ ಜಾಗದಲ್ಲಿ ಸ್ಟೀಲ್ ಪ್ಲೇಟಿಗೆ ಟೈಟಾನಿಯಮ್ ಸ್ಕ್ರೂ ಬೆರೆಸಬಾರದು, ತುಕ್ಕು ಹಿಡಿಯುವುದು ಹೆಚ್ಚುತ್ತದೆ.

ಈಗ ಮೂಳೆಗೆ ಹಾಕುವ ಸ್ಟೀಲ್ ಕೂಡ ಅಯಸ್ಕಾಂತಕ್ಕೆ ಅಂಟುವ ಜಾತಿಯದಲ್ಲ. ಹಾಗಾಗಿ ಹೆಚ್ಚಿನವರಿಗೆ ಎಂಆರ್‌ಐ ಮಾಡಬಹುದು. ಲೋಹದ ಸುತ್ತ ಚಿತ್ರ ಕೆಡುತ್ತದೆ, ಟೈಟಾನಿಯಮ್‌ನಲ್ಲಿ ಕಡಿಮೆ. ಏನು ಹಾಕಿದ್ದಾರೆ ಎಂಬ ಚೀಟಿಯನ್ನು ಎಂಆರ್‌ಐ ಸಿಬ್ಬಂದಿಗೆ ತೋರಿಸಿ.

ಪ್ರಶ್ನೆ: ಆಪರೇಷನ್ ಆದ ಹನ್ನೆರಡನೇ ದಿನ ಅಪ್ಪನ ಗಾಯದಿಂದ ಕೀವು ಬಂತು. ಒಳಗೆ ತೊಳೆದರು, ಆದರೆ ಪ್ಲೇಟ್ ತೆಗೆಯಲಿಲ್ಲ. ಸೋಂಕು ತಗುಲಿದ ಲೋಹವನ್ನು ಒಳಗೇ ಬಿಡಬಹುದೇ?

ಉತ್ತರ: ಪ್ಲೇಟ್ ಮೂಳೆಯನ್ನು ಇನ್ನೂ ಭದ್ರವಾಗಿ ಹಿಡಿದಿದ್ದರೆ ಬಿಡಬಹುದು, ಬಿಡುವುದೇ ಮೇಲು. ಅಲುಗುವ ಮೂಳೆಯಲ್ಲಿ ಸೋಂಕು ವಾಸಿಯಾಗುವುದು ಬಹಳ ಕಷ್ಟ. ಭದ್ರವಾಗಿದ್ದರೆ ಸೋಂಕಿನ ನಡುವೆಯೂ ಮೂಳೆ ಕೂಡುತ್ತದೆ.

ತೊಡಕು ಇರುವುದು ಲೋಹದ ಮೇಲ್ಮೈಯಲ್ಲಿ. ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿ, ಸುತ್ತ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಅಡಗುತ್ತವೆ. ಪದರದೊಳಗಿನವುಗಳಲ್ಲಿ ಅನೇಕವು ಬೆಳೆಯದೆ ಮಲಗಿರುತ್ತವೆ, ಬೆಳೆಯುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಆಂಟಿಬಯಾಟಿಕ್ ಇವನ್ನು ಮುಟ್ಟುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಪದರ ಇನ್ನೂ ಬಲಿತಿರುವುದಿಲ್ಲ. ಬೇಗ ತೆರೆದು, ಸತ್ತ ಅಂಗಾಂಶ ಕತ್ತರಿಸಿ ತೆಗೆದು, ಧಾರಾಳವಾಗಿ ತೊಳೆದರೆ ಲೋಹವನ್ನು ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿದೆ. ಬರೀ ಮಾತ್ರೆ ಕೊಟ್ಟು ಕಾಯುವುದು ಈ ಅವಕಾಶವನ್ನು ಕಳೆಯುತ್ತದೆ. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ರಿಫಾಂಪಿಸಿನ್ ಎಂಬ ಆಂಟಿಬಯಾಟಿಕ್ ಸೇರಿಸುವುದುಂಟು. ಅದನ್ನು ಒಂಟಿಯಾಗಿ ಎಂದೂ ಕೊಡಬಾರದು, ಬಹುಬೇಗ ಪ್ರತಿರೋಧ ಹುಟ್ಟುತ್ತದೆ. ಮೂಳೆ ಪೂರ್ತಿ ಕೂಡಿದ ಮೇಲೂ ಸೋಂಕು ಉಳಿದಿದ್ದರೆ ಆಗ ಲೋಹ ತೆಗೆಯಬೇಕು. ಸ್ಕ್ರೂಗಳು ಸಡಿಲವಾಗಿದ್ದರೆ ಮಾತ್ರ ಕಾಯುವಂತಿಲ್ಲ, ತೆಗೆದು ಬೇರೆ ಬಗೆಯಲ್ಲಿ, ಹೆಚ್ಚಾಗಿ ಹೊರಗಿನ ಚೌಕಟ್ಟಿನಿಂದ, ಭದ್ರಪಡಿಸಬೇಕಾಗುತ್ತದೆ.

ಪ್ರಶ್ನೆ: ಸಿಗರೇಟು, ನೋವಿನ ಮಾತ್ರೆ, ಕ್ಯಾಲ್ಸಿಯಂ: ಇವುಗಳಿಂದ ಮೂಳೆ ಕೂಡುವುದರಲ್ಲಿ ವ್ಯತ್ಯಾಸವಾಗುತ್ತದೆಯೇ?

ಉತ್ತರ: ಸಿಗರೇಟು ಖಂಡಿತ ತಡಮಾಡುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಇಂಗಾಲದ ಮಾನಾಕ್ಸೈಡ್ ಆಮ್ಲಜನಕ ಕಡಿಮೆ ಮಾಡುತ್ತದೆ. ಮೂಳೆ ಕೂಡುವವರೆಗಾದರೂ ಪೂರ್ತಿ ಬಿಡಿ. ಡೈಕ್ಲೋಫಿನ್ಯಾಕ್‌ನಂಥ ಮಾತ್ರೆಗಳು ತಡೆಯುವ ಉರಿಯೂತವೇ ಮೂಳೆ ಕೂಡುವ ಮೊದಲ ಹಂತ. ಕೆಲವು ದಿನಕ್ಕೆ ಅಡ್ಡಿಯಿಲ್ಲ, ವಾರಗಟ್ಟಲೆ ನೀವಾಗಿಯೇ ನುಂಗಬೇಡಿ. ಕ್ಯಾಲ್ಸಿಯಂ ಕೊರತೆ ಇಲ್ಲದವರು ಹೆಚ್ಚು ನುಂಗಿದರೆ ಮೂಳೆ ಬೇಗ ಕೂಡುವುದಿಲ್ಲ. ವಿಟಮಿನ್ ಡಿ ಪರೀಕ್ಷಿಸಿ, ಕಡಿಮೆ ಇದ್ದರೆ ತುಂಬಿಸಿಕೊಳ್ಳಿ. ಮಧುಮೇಹವಿದ್ದರೆ ಸಕ್ಕರೆ ಹತೋಟಿ ಇವೆಲ್ಲಕ್ಕಿಂತ ಮುಖ್ಯ.

ಪ್ರಶ್ನೆ: ಅಮ್ಮನಿಗೆ ಬಲ ಸೊಂಟದ ಕೀಲು ಸವೆದಿದೆ. ಕೋಲನ್ನು ನೋವಿರುವ ಬಲಗಡೆಯೇ ಹಿಡಿಯುತ್ತಾರೆ. ಫಿಸಿಯೋಥೆರಪಿಸ್ಟ್ ಎಡಗೈಯಲ್ಲಿ ಹಿಡಿಯಲು ಹೇಳುತ್ತಾರೆ. ಯಾಕೆ?

ಉತ್ತರ: ಫಿಸಿಯೋಥೆರಪಿಸ್ಟ್ ಹೇಳಿದ್ದೇ ಸರಿ. ಲೆಕ್ಕ ಹಾಕಿ ನೋಡೋಣ. ಅಮ್ಮನ ತೂಕ 60 ಕಿಲೋ ಎಂದುಕೊಳ್ಳಿ. ಬಲಗಾಲಿನ ಮೇಲೆ ನಿಂತ ಕ್ಷಣದಲ್ಲಿ, ಆ ಕಾಲಿನ ತೂಕ ಬಿಟ್ಟು, ಕೀಲಿನ ಮೇಲಿರುವುದು ಸುಮಾರು 50 ಕಿಲೋ. ಈ ಭಾರ ಕೀಲಿನಿಂದ ಸುಮಾರು 10 ಸೆಂ.ಮೀ. ಒಳಗೆ, ದೇಹದ ನಡುವೆ ಬೀಳುತ್ತದೆ. ಸೊಂಟ ಎಡಕ್ಕೆ ವಾಲದಂತೆ ಎಳೆದು ಹಿಡಿಯುವ ಪಕ್ಕದ ಸ್ನಾಯು ಕೀಲಿನಿಂದ 5 ಸೆಂ.ಮೀ. ಮಾತ್ರ ದೂರದಲ್ಲಿದೆ. ಅರ್ಧ ಸನ್ನೆಯಲ್ಲಿ ದುಪ್ಪಟ್ಟು ಬಲ ಬೇಕು, ಅಂದರೆ 100 ಕಿಲೋ. ಎರಡೂ ಸೇರಿ ಕೀಲಿನ ಮೇಲೆ 150 ಕಿಲೋ ಒತ್ತಡ, ದೇಹದ ತೂಕದ ಎರಡೂವರೆ ಪಟ್ಟು.

ಎಡಗೈಯ ಕೋಲು ಬಲ ಕೀಲಿನಿಂದ ಸುಮಾರು 40 ಸೆಂ.ಮೀ. ದೂರದಲ್ಲಿರುತ್ತದೆ. ಅದರ ಮೇಲೆ 5 ಕಿಲೋ ಭಾರ ಹಾಕಿದರೂ ಉದ್ದ ಸನ್ನೆಯ ದೆಸೆಯಿಂದ ಸ್ನಾಯುವಿನ ಎಳೆತ 100ರಿಂದ 60 ಕಿಲೋಗೆ ಇಳಿಯುತ್ತದೆ, ಕೀಲಿನ ಒತ್ತಡ 105 ಕಿಲೋ ಆಗುತ್ತದೆ. ಬಲಗೈಯಲ್ಲೇ ಹಿಡಿದರೆ ಕೋಲು ಕೀಲಿಗೆ ತೀರಾ ಹತ್ತಿರ, ಅದೂ ತಪ್ಪು ಬದಿಯಲ್ಲಿ. ಈ ಸನ್ನೆ ಸಿಗುವುದೇ ಇಲ್ಲ. ದೇಹವನ್ನು ಬಲಕ್ಕೆ ವಾಲಿಸಿ ಅಷ್ಟಿಷ್ಟು ಭಾರ ತಪ್ಪಿಸಬಹುದು, ಆದರೆ ಕುಂಟು ಹೆಚ್ಚುತ್ತದೆ.

ಕೋಲಿನ ಎತ್ತರ: ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು, ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಬಲಗಾಲು ಮತ್ತು ಎಡಗೈಯ ಕೋಲು ಒಟ್ಟಿಗೆ ಮುಂದೆ ಹೋಗಲಿ, ಆಮೇಲೆ ಎಡಗಾಲು. ಕೋಲಿನ ತುದಿಯ ರಬ್ಬರ್ ಸವೆದು ನುಣುಪಾದರೆ ಕೂಡಲೇ ಬದಲಿಸಿ.