ಎರಡನೇ ಅಂಕಕ್ಕೇ ದನಿ ಒಡೆದರೆ?

ಪ್ರಶ್ನೆ: ದಶಕಗಳಿಂದ ನಾಟಕವಾಡುವವರಿಗೆ ಎರಡನೇ ಅಂಕದ ಹೊತ್ತಿಗೇ ದನಿ ಒಡೆಯುವುದೇಕೆ? ಉಪಾಯವೇನು?

ಉತ್ತರ: ವಯಸ್ಸಾದಂತೆ ಸ್ವರತಂತುಗಳು ತೆಳುವಾಗುತ್ತವೆ, ಎದೆಗೂಡು ಬಿಗಿಯುತ್ತದೆ. ಉಸಿರು ಸಾಲದಾಗ ನಟರು ಗಂಟಲು ಬಿಗಿದು ಮಾತಾಡುತ್ತಾರೆ, ತಂತುಗಳು ಊದಿಕೊಳ್ಳುತ್ತವೆ. ಪ್ರದರ್ಶನಕ್ಕೆ ಮುನ್ನ 10 ನಿಮಿಷ ದನಿ ಹದಗೊಳಿಸಿ: ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ತುದಿಯನ್ನು 2 ಸೆಂ.ಮೀ. ಅದ್ದಿ, ಗುಳ್ಳೆ ಏಳುವಂತೆ ‘ಊ’ ಎನ್ನುತ್ತ ಕೆಳಸ್ವರದಿಂದ ಮೇಲಕ್ಕೆ ಜಾರಿ. ಉದ್ದನೆಯ ಮಾತುಗಳಲ್ಲಿ ಉಸಿರೆಳೆಯುವ ಜಾಗವನ್ನು ನಾಟಕದ ಪ್ರತಿಯಲ್ಲೇ ಗುರುತು ಹಾಕಿಕೊಳ್ಳಿ. ಹರೆಯದಲ್ಲಿ ಒಂದೇ ಉಸಿರಿಗೆ ಆಡಿದ ಮಾತನ್ನು ಈಗ ಎರಡಾಗಿ ಒಡೆದರೆ ಅಭಿನಯಕ್ಕೇನೂ ಕುಂದಿಲ್ಲ, ಎಷ್ಟೋ ಸಲ ಅರ್ಥ ಇನ್ನಷ್ಟು ತೆರೆದುಕೊಳ್ಳುತ್ತದೆ. ದನಿ ಕೂತಾಗ ಪಿಸುಗುಟ್ಟುವುದೂ ತಂತುಗಳಿಗೆ ಶ್ರಮವೇ. ಪೂರ್ತಿ ಮೌನ ಒಳ್ಳೆಯದು. ಒಡಕು 3 ವಾರ ಮೀರಿದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು.