ಬಾವಿಗೆ ಗ್ಯಾಸ್ ಬಿಟ್ಟಿದ್ದು ಸರಿ, ನೀರು ಯಾಕೆ?

ನಮಸ್ಕಾರ. ಹಳೇ ಎಣ್ಣೆಬಾವಿಗಳಿಗೆ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಮತ್ತು ನೀರು ನುಗ್ಗಿಸಿ ಉಳಿದ ಎಣ್ಣೆ ತೆಗೆಯುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ‘ಭೂಮಿಯ ಒಳಗಿನ ಎಣ್ಣೆಯ ಕೆರೆ’ ಅಂತ ಮೂರು ಕಡೆ ಬರೆದಿದ್ದೀರಿ. ಕೆಳಗೆ ಕೆರೆ ಇಲ್ಲ, ಕಲ್ಲಿದೆ. ಆ ಕಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಲ್ಲಿ ಎಣ್ಣೆ ಅಂಟಿಕೊಂಡಿರುತ್ತದೆ. ಕೆರೆ ಅಂದ ಕೂಡಲೇ ಓದುವವರು ಪಂಪ್ ಇಟ್ಟರೆ ಮುಗಿಯಿತಲ್ವಾ ಅಂದುಕೊಳ್ಳುತ್ತಾರೆ, ಮುಂದೆ ನೀವು ಹೇಳುವ ಯಾವುದೂ ಅವರಿಗೆ ಬೇಕು ಅನ್ನಿಸುವುದಿಲ್ಲ. ಬಾವಿ ತಾನಾಗಿ ಕೊಟ್ಟಷ್ಟು ಕೊಟ್ಟು, ಆಮೇಲೆ ನೀರು ನುಗ್ಗಿಸಿ ತೆಗೆದ ಮೇಲೂ ಎಷ್ಟೋ ಕಡೆ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಕಲ್ಲಲ್ಲೇ ಉಳಿಯುತ್ತದೆ. ಲೇಖನ ಅಲ್ಲಿಂದ ಶುರುವಾಗಲಿ.

‘ಗ್ಯಾಸ್ ಎಣ್ಣೆಯನ್ನು ತಳ್ಳುತ್ತದೆ’ ಅನ್ನುವುದೂ ಸಾಲದು. ತಳ್ಳುವುದಷ್ಟೇ ಆಗಿದ್ದರೆ ನೀರೇ ಸಾಕಿತ್ತು. ಸೈಕಲ್ ಚೈನ್ ಹಾಕುವಾಗ ಕೈಗೆ ಮೆತ್ತಿದ ಗ್ರೀಸ್ ಬರೀ ನೀರಲ್ಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಸ್ವಲ್ಪ ಸೀಮೆಎಣ್ಣೆ ಹಚ್ಚಿದರೆ ಕರಗಿ ಜಾರುತ್ತದೆ. ಕೆಳಗೆ ಈ ಗ್ಯಾಸ್ ಮಾಡುವುದು ಸೀಮೆಎಣ್ಣೆಯ ಕೆಲಸ. 31 ಡಿಗ್ರಿ ಬಿಸಿ, ಸುಮಾರು 74 ಬಾರ್ ಒತ್ತಡ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಎಪ್ಪತ್ತು ಪಟ್ಟಿಗೂ ಜಾಸ್ತಿ) ದಾಟಿದ ಮೇಲೆ ಅದು ಪೂರ್ತಿ ಗ್ಯಾಸೂ ಅಲ್ಲ, ದ್ರವವೂ ಅಲ್ಲ. ಒತ್ತಡ ಸಾಕಷ್ಟಿದ್ದರೆ ಎಣ್ಣೆಯೊಳಗೆ ಬೆರೆಯುತ್ತದೆ. ಎಣ್ಣೆ ಉಬ್ಬುತ್ತದೆ, ತೆಳ್ಳಗಾಗುತ್ತದೆ, ಕಲ್ಲು ಬಿಟ್ಟು ಹರಿಯುತ್ತದೆ.

ಇನ್ನು ನೀರು. ನನಗೆ ನಿಜವಾಗಿ ಬೇಸರವಾಗಿದ್ದು ಇಲ್ಲಿ. ‘ಗ್ಯಾಸ್ ಮತ್ತು ನೀರನ್ನು ಸರದಿಯಂತೆ ಬಿಡುತ್ತಾರೆ’ ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಯಾಕೆ ಬಿಡುತ್ತಾರೆ? ನಿಮ್ಮದು ಭತ್ತದ ಊರು ಅಂತ ಪತ್ರದಲ್ಲಿ ಹೇಳಿದ್ದೀರಿ, ನನಗಿಂತ ಚೆನ್ನಾಗಿ ನಿಮಗೆ ಇದು ಗೊತ್ತು. ಬದುವಿನಲ್ಲಿ ಒಂದು ಇಲಿಬಿಲ ಇದ್ದರೆ ಬಿಟ್ಟ ನೀರೆಲ್ಲ ಅದರಲ್ಲೇ ಹೋಗಿ ಪಕ್ಕದ ಗದ್ದೆ ತುಂಬುತ್ತದೆ, ನಿಮ್ಮ ಗದ್ದೆಯ ಮೂಲೆ ಒಣಗೇ ಇರುತ್ತದೆ. ಗ್ಯಾಸೂ ಹಾಗೇ. ಎಣ್ಣೆಗಿಂತ ತುಂಬಾ ತೆಳು, ಸಲೀಸಾದ ದಾರಿ ಸಿಕ್ಕರೆ ಅದರಲ್ಲೇ ನುಗ್ಗಿ, ಸುತ್ತಲಿನ ಎಣ್ಣೆಯನ್ನು ಮುಟ್ಟದೆ ಎಣ್ಣೆ ತೆಗೆಯಲು ಇರುವ ಆ ಕಡೆಯ ಬಾವಿಯಲ್ಲಿ ಎದ್ದುಬಿಡುತ್ತದೆ. ಹಿಂದೆಯೇ ನೀರು ಬಿಟ್ಟರೆ ಆ ದಾರಿಯಲ್ಲಿ ನೀರು ತುಂಬಿಕೊಳ್ಳುತ್ತದೆ, ಮುಂದಿನ ಸರದಿಯ ಗ್ಯಾಸ್‌ಗೆ ಅಲ್ಲಿ ಓಡಲು ಕಷ್ಟ, ಅದು ಇಷ್ಟು ದಿನ ಮುಟ್ಟದ ಕಲ್ಲಿಗೆ ತಿರುಗುತ್ತದೆ. ನೀರು ಅತಿಯಾದರೂ ತೊಂದರೆ, ಎಣ್ಣೆಗೆ ಅಡ್ಡ ನಿಂತು ಗ್ಯಾಸ್ ತಾಗದ ಹಾಗೆ ಮಾಡುತ್ತದೆ. ಜೊತೆಗೆ ಎರಡೂ ಸೇರಿದರೆ ಸೋಡಾದ ಹಾಗೆ ಹುಳಿ, ಕಬ್ಬಿಣದ ಪೈಪು ತಿನ್ನುತ್ತದೆ. ಇದನ್ನೆಲ್ಲ ನಿಮ್ಮ ಗದ್ದೆಯಿಂದಲೇ ಹೇಳಿ.

‘ಇತ್ತೀಚಿನ ಆವಿಷ್ಕಾರ’ ಅನ್ನುವ ಮಾತು ತೆಗೆಯಿರಿ. ಟೆಕ್ಸಾಸ್‌ನ ಸ್ಕರ್ರಿ ಕೌಂಟಿಯ ಸ್ಯಾಕ್ರಾಕ್ ಅನ್ನುವ ಎಣ್ಣೆಬಾವಿಗಳ ಪ್ರದೇಶದಲ್ಲಿ 1972ರಲ್ಲೇ ಇದು ಶುರುವಾಯಿತು, ಆಗ ಉದ್ದೇಶ ಎಣ್ಣೆ, ಹವಾಮಾನ ಅಲ್ಲ.

ಕೊನೆಯಲ್ಲಿ ‘ಗಾಳಿಯ ವಿಷವನ್ನು ನೆಲದಡಿ ಹೂಳುವ ಪುಣ್ಯದ ಕೆಲಸ’ ಅಂದಿದ್ದೀರಿ. ದಯವಿಟ್ಟು ಹೀಗೆ ಬರೆಯಬೇಡಿ. ಗ್ಯಾಸ್ ಎಲ್ಲಿಂದ ಬಂತು ಅಂತ ಮೊದಲು ಕೇಳಿ. ಕೆನಡಾದ ವೇಬರ್ನ್‌ನ ಎಣ್ಣೆಬಾವಿಗಳಿಗೆ 2000ದಿಂದ ಬರುತ್ತಿರುವುದು ಅಮೆರಿಕದ ನಾರ್ತ್ ಡಕೋಟಾದಲ್ಲಿ ಕಲ್ಲಿದ್ದಲಿನಿಂದ ಉರಿಸುವ ಗ್ಯಾಸ್ ಮಾಡುವ ಕಾರ್ಖಾನೆಯದು, 300 ಕಿಲೋಮೀಟರಿಗೂ ಜಾಸ್ತಿ ಪೈಪಿನಲ್ಲಿ. ಹೀಗೆ ನೆಲದೊಳಗೆ ಬಿಡದಿದ್ದರೆ ಅದು ಗಾಳಿಗೆ ಹೋಗುತ್ತಿತ್ತು. ಆದರೆ ಕೊಲರಾಡೋದ ಮೆಕೆಲ್ಮೋ ಡೋಮ್‌ನಲ್ಲಿ ನೆಲದೊಳಗೆ ಸುಮ್ಮನೆ ಇದ್ದ ಗ್ಯಾಸನ್ನೇ ಕೊರೆದು ತೆಗೆದು, ಸುಮಾರು 800 ಕಿಲೋಮೀಟರ್ ಸಾಗಿಸಿ, ಟೆಕ್ಸಾಸ್ ಕಡೆಯ ಬಾವಿಗಳಿಗೆ ಬಿಡುತ್ತಾರೆ. ಎರಡೂ ಒಂದೇ ಅಲ್ಲ. ಮೇಲೆ ಬಂದ ಎಣ್ಣೆ ಸುಟ್ಟಾಗ ಮತ್ತೆ ಇದೇ ಗ್ಯಾಸ್ ಗಾಳಿಗೆ ಸೇರುತ್ತದೆ ಅನ್ನುವುದನ್ನೂ ಬರೆಯಬೇಕು.

ಎರಡು ಬಾವಿ, ನಡುವೆ ಕಲ್ಲಿನ ಪದರ, ಅದರಲ್ಲಿ ಸರದಿಯಾಗಿ ಗ್ಯಾಸ್, ನೀರು, ಗ್ಯಾಸ್, ಹೀಗೆ ಒಂದು ಚಿತ್ರ ಕೈಯಲ್ಲೇ ಬರೆದು ಜೊತೆಗೆ ಕಳಿಸಿ. ಗೆರೆ ಸೊಟ್ಟ ಇದ್ದರೂ ಪರವಾಗಿಲ್ಲ, ಇಲ್ಲಿ ಸರಿಮಾಡಿಕೊಳ್ಳುತ್ತೇವೆ.