ಪಾದ್ರಿಗಳಿಗೆ ಮದುವೆ ಮಾಡಿಸಿದರೆ ಮುಗಿಯಿತೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಥೋಲಿಕ ಧರ್ಮಸಭೆಯ ಕಾನೂನನ್ನು ಬೋಧಿಸುವ ನನಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಎಂದೂ ತಪ್ಪುವುದಿಲ್ಲ. ಯಾವುದೋ ದೇಶದಿಂದ ಪಾದ್ರಿಯೊಬ್ಬರ ಲೈಂಗಿಕ ದೌರ್ಜನ್ಯದ ಸುದ್ದಿ ಬಂದರೆ ಸಾಕು, ಅದೇ ಪ್ರಶ್ನೆ ಹೊಸ ಹೊಸ ಹೆಸರುಗಳಿಂದ ಬರತೊಡಗುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ತಾವೇ ನಿರ್ಧರಿಸಿಕೊಂಡು ನನ್ನಿಂದ ಮೊಹರು ಮಾತ್ರ ಬಯಸುತ್ತಾರೆ. ಆದ್ದರಿಂದ ಈ ಬಾರಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಅವುಗಳ ಯೋಗ್ಯತೆಗೆ ತಕ್ಕಷ್ಟು.

ಪ್ರಶ್ನೆ: ಪಾದ್ರಿಗಳಿಗೆ ಮದುವೆಯಾಗಲು ಬಿಟ್ಟರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ನಿಲ್ಲುವುದಿಲ್ಲವೇ? ಇಷ್ಟು ಸರಳ ಪರಿಹಾರವನ್ನು ರೋಮ್, ಅಂದರೆ ಪೋಪರ ಆಡಳಿತ, ಏಕೆ ಒಪ್ಪುತ್ತಿಲ್ಲ?

ನಿಲ್ಲುವುದಿಲ್ಲ. ಹೆಂಡತಿ ಇಲ್ಲದ ಗಂಡಸಿನ ಆಸೆ ಕೊನೆಗೆ ಮಗುವಿನ ಕಡೆಗೆ ತಿರುಗುತ್ತದೆ ಎಂಬ ಊಹೆಯೊಂದು ಈ ಪ್ರಶ್ನೆಯ ಹಿಂದೆ ಅಡಗಿದೆ, ಮತ್ತು ಆ ಊಹೆ ಅವಿವಾಹಿತರಿಗೂ ವಿವಾಹಿತ ಸ್ತ್ರೀಯರಿಗೂ ಒಂದೇ ಏಟಿಗೆ ಮಾಡುವ ಅವಮಾನ. ಫ್ರಾನ್ಸಿನ ಸ್ವತಂತ್ರ ಆಯೋಗ 2021ರ ಅಕ್ಟೋಬರಿನಲ್ಲಿ ಕೊಟ್ಟ ವರದಿಯು, 1950ರಿಂದೀಚೆಗೆ ಆ ದೇಶದಲ್ಲಿ ಪಾದ್ರಿಗಳಿಂದ ಹಾಗೂ ಇತರ ಧಾರ್ಮಿಕರಿಂದ ದೌರ್ಜನ್ಯಕ್ಕೊಳಗಾದ ಅಪ್ರಾಪ್ತ ವಯಸ್ಕರ ಸಂಖ್ಯೆಯನ್ನು ಸುಮಾರು 2,16,000 ಎಂದು ಅಂದಾಜಿಸಿತು. ಅದೇ ವರದಿ, ಮಕ್ಕಳು ಅತಿ ಹೆಚ್ಚು ದೌರ್ಜನ್ಯಕ್ಕೊಳಗಾಗುವುದು ಕುಟುಂಬದೊಳಗೆ ಮತ್ತು ಕುಟುಂಬದ ಆಪ್ತರಿಂದ ಎಂದೂ, ಧರ್ಮಸಭೆಯ ಸ್ಥಾನ ಅದರ ನಂತರದ್ದಾದರೂ ಸರ್ಕಾರಿ ಶಾಲೆಗಳಿಗಿಂತ ಮತ್ತು ಕ್ರೀಡಾ ಸಂಘಗಳಿಗಿಂತ ಮೇಲಿದೆ ಎಂದೂ ಹೇಳಿತು. ಮೊದಲರ್ಧವನ್ನು ಮಾತ್ರ ಉದ್ಧರಿಸಿ ಧರ್ಮಸಭೆಯ ಮಾನ ಕಾಪಾಡಲು ಹೊರಟವರಿಗೂ, ಎರಡನೆಯದನ್ನಷ್ಟೇ ಎತ್ತಿ ತೋರಿಸುವವರಿಗೂ ನನ್ನ ಬಳಿ ಸಮಯವಿಲ್ಲ. ಇನ್ನು ಪಾದ್ರಿಗಳು ಸಂಸಾರಸ್ಥರಾಗಿರುವ ಪ್ರಾಟೆಸ್ಟೆಂಟ್ ಸಭೆಗಳತ್ತ ನೋಡಿ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಮುಖಂಡರು, ಆರೋಪಕ್ಕೊಳಗಾದ 700ಕ್ಕೂ ಹೆಚ್ಚು ಮಂದಿಯ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೆಂಬುದು 2022ರಲ್ಲಿ ಹೊರಬಿತ್ತು. ಅಲ್ಲಿ ಮದುವೆಗೆ ಯಾರ ಅಡ್ಡಿಯೂ ಇರಲಿಲ್ಲ.

ಇಲ್ಲಿಗೆ ಸ್ವಲ್ಪ ಓದಿಕೊಂಡವರು ಜರ್ಮನಿಯ ಅಧ್ಯಯನವನ್ನು ತೆಗೆದು ಮುಂದಿಡುತ್ತಾರೆ, ಮತ್ತು ಅದು ಉತ್ತರಕ್ಕೆ ಅರ್ಹವಾದ ವಾದ. 2018ರಲ್ಲಿ ಪ್ರಕಟವಾದ ಆ ಅಧ್ಯಯನವು ಅಲ್ಲಿನ ಕಥೋಲಿಕ ಧರ್ಮಸಭೆಯ 1946ರಿಂದ 2014ರವರೆಗಿನ ಕಡತಗಳಲ್ಲಿ 1,670 ಆರೋಪಿತರನ್ನೂ 3,677 ಸಂತ್ರಸ್ತ ಮಕ್ಕಳನ್ನೂ ಗುರುತಿಸಿತು. ಧರ್ಮಕ್ಷೇತ್ರಕ್ಕೆ, ಅಂದರೆ ಬಿಷಪ್ಪರೊಬ್ಬರ ಆಡಳಿತದ ಪ್ರದೇಶಕ್ಕೆ, ಸೇರಿದ ಪಾದ್ರಿಗಳಲ್ಲಿ ಆರೋಪಿತರ ಪ್ರಮಾಣ ಶೇ. 5.1, ಮದುವೆಯಾಗಿ ದೀಕ್ಷೆ ಪಡೆಯಲು ಅವಕಾಶವಿರುವ ಖಾಯಂ ಡೀಕನರಲ್ಲಿ (ಪಾದ್ರಿಗಿಂತ ಕೆಳಗಿನ ಹಂತದ ದೀಕ್ಷೆ ಪಡೆದ ಸೇವಕರಲ್ಲಿ) ಶೇ. 1. ವ್ಯತ್ಯಾಸ ನಿಜ. ಆದರೆ ಡೀಕನ್ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ದೀಕ್ಷೆ ಪಡೆಯುತ್ತಾನೆ, ಪಾಪನಿವೇದನೆ ಕೇಳುವುದಿಲ್ಲ, ಅನೇಕ ವೇಳೆ ಬೇರೆ ಉದ್ಯೋಗದಲ್ಲಿರುತ್ತಾನೆ, ಮತ್ತು ಈ ಪದವಿಯನ್ನು ಪುನಃ ತಂದದ್ದೇ 1960ರ ದಶಕದ ಕೊನೆಗೆ. ಅವನ ಕೈಯಲ್ಲಿ ಪಾದ್ರಿಯ ಅಧಿಕಾರವೂ ಇಲ್ಲ, ಮಕ್ಕಳೊಡನೆ ಒಂಟಿಯಾಗಿರುವ ಅಷ್ಟು ಅವಕಾಶವೂ ಇಲ್ಲ. ಅದೇ ಕೋಷ್ಟಕದ ಮೂರನೆಯ ಅಂಕಿಯನ್ನು ಯಾರೂ ಓದುವುದಿಲ್ಲವೆಂಬುದು ನನ್ನ ಹಳೆಯ ತಕರಾರು: ಧರ್ಮಕ್ಷೇತ್ರದ ಕೆಲಸಕ್ಕೆ ನಿಯುಕ್ತರಾದ ಮಠವಾಸಿ ಪಾದ್ರಿಗಳಲ್ಲಿ ಪ್ರಮಾಣ ಶೇ. 2.1. ಬ್ರಹ್ಮಚರ್ಯದ ವ್ರತವನ್ನೇ ಕೈಗೊಂಡವರು ಇವರು. ಬ್ರಹ್ಮಚರ್ಯವೇ ಕಾರಣವಾಗಿದ್ದರೆ ಈ ಅಂಕಿ ಉಳಿದ ಪಾದ್ರಿಗಳ ಅಂಕಿಯ ಅರ್ಧಕ್ಕಿಂತ ಕೆಳಗೆ ಏಕೆ ನಿಂತಿತು?

ಮದುವೆಯ ಪ್ರಶ್ನೆಯ ಬಗ್ಗೆ ನನ್ನ ಅಸಹನೆಗೆ ಇನ್ನೂ ದೊಡ್ಡ ಕಾರಣವಿದೆ. ಅದು ಧರ್ಮಸಭೆಯ ಹಳೆಯ ತಪ್ಪನ್ನೇ ಹೊರಗಿನಿಂದ ಪುನರಾವರ್ತಿಸುತ್ತದೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಮಗುವಿನ ಮೇಲಿನ ಲೈಂಗಿಕ ಅಪರಾಧ ಎಲ್ಲಿತ್ತು ಗೊತ್ತೇ? 1395ನೆಯ ವಿಧಿಯಲ್ಲಿ, ವಿಶೇಷ ಕರ್ತವ್ಯಗಳ ಉಲ್ಲಂಘನೆ ಎಂಬ ಶೀರ್ಷಿಕೆಯಡಿ. ಹೆಣ್ಣೊಬ್ಬಳನ್ನು ಇಟ್ಟುಕೊಂಡ ಪಾದ್ರಿಯ ವಿಷಯ ಆ ವಿಧಿಯ ಮೊದಲ ಭಾಗದಲ್ಲಿ, ಮಗುವಿನ ವಿಷಯ ಎರಡನೆಯ ಭಾಗದಲ್ಲಿ. ಮಗು ಎಂದರೆ ಹದಿನಾರರೊಳಗಿನವರು ಮಾತ್ರ, ಅದು ಎಲ್ಲೆಡೆ 18ಕ್ಕೆ ಏರಿದ್ದು 2001ರಲ್ಲಿ. ಕಾನೂನಿನ ಕಣ್ಣಿಗೆ ಬಿದ್ದದ್ದು ಪಾದ್ರಿಯ ವ್ರತಭಂಗ, ಅವನ ಪತನ, ಅವನ ಪಶ್ಚಾತ್ತಾಪ. ಪತಿತನಿಗೆ ಕ್ಷಮೆಯುಂಟು, ಕ್ಷಮೆ ಪಡೆದವನಿಗೆ ಮತ್ತೊಂದು ಧರ್ಮಕೇಂದ್ರವುಂಟು, ಅಲ್ಲಿ ಮತ್ತೊಂದಿಷ್ಟು ಮಕ್ಕಳುಂಟು. 2002ರ ಜನವರಿಯಲ್ಲಿ ಬಾಸ್ಟನ್ನಿನ ಪತ್ರಕರ್ತರು ಬಯಲಿಗೆಳೆದದ್ದು ಈ ವರ್ಗಾವಣೆಯ ಪದ್ಧತಿಯನ್ನೇ, ಮತ್ತು ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟದ್ದೂ ಅದರ ಹೊಣೆಯಿಂದಲೇ. ಅಪರಾಧವನ್ನು ಮಾನವ ಜೀವ, ಘನತೆ ಮತ್ತು ಸ್ವಾತಂತ್ರ್ಯದ ವಿರುದ್ಧದ ಅಪರಾಧಗಳ ಶೀರ್ಷಿಕೆಗೆ, 1398ನೆಯ ವಿಧಿಗೆ ಸರಿಸಿದ ತಿದ್ದುಪಡಿ ಜಾರಿಗೆ ಬಂದದ್ದು 2021ರ ಡಿಸೆಂಬರ್ 8ರಂದು. ಆದರೂ ವಿಧಿಯ ಒಕ್ಕಣೆಯಲ್ಲಿ ಅದನ್ನು ಇಂದಿಗೂ ಆರನೆಯ ಆಜ್ಞೆಯ, ಅಂದರೆ ವ್ಯಭಿಚಾರ ಮಾಡಬಾರದೆಂಬ ಆಜ್ಞೆಯ, ಉಲ್ಲಂಘನೆ ಎಂದೇ ಬಣ್ಣಿಸಲಾಗಿದೆ. ಮದುವೆಯಿಂದ ಪರಿಹಾರವಾಗುತ್ತದೆ ಎನ್ನುವ ಓದುಗರು ಇದನ್ನು ಅರಿಯದೆಯೇ ಆ ಹಳೆಯ ಶೀರ್ಷಿಕೆಯಡಿಯಲ್ಲಿ ಹೋಗಿ ನಿಲ್ಲುತ್ತಾರೆ: ಚರ್ಚೆ ಮತ್ತೆ ಪಾದ್ರಿಯ ಆಸೆಯ ಸುತ್ತ ಸುತ್ತುತ್ತದೆ, ಮಗು ಬದಿಗೆ ಸರಿಯುತ್ತದೆ.

ಹಾಗೆಂದು ಬ್ರಹ್ಮಚರ್ಯದ ನಿಯಮಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲವೆಂದು ಸಾರುವ ಧರ್ಮಾಧ್ಯಕ್ಷರನ್ನೂ (ಬಿಷಪ್ಪರನ್ನೂ) ನಾನು ನಂಬುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ತನಿಖೆ ನಡೆಸಿದ ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರ ತನ್ನ ಅಂತಿಮ ವರದಿಯಲ್ಲಿ, ಕಡ್ಡಾಯ ಬ್ರಹ್ಮಚರ್ಯ ನೇರ ಕಾರಣವಲ್ಲ, ಆದರೆ ಇತರ ಅಪಾಯಗಳೊಡನೆ ಕೂಡಿದಾಗ ಅದರ ಪಾಲೂ ಇದೆ ಎಂದು ಹೇಳಿ, ಧರ್ಮಕ್ಷೇತ್ರದ ಪಾದ್ರಿಗಳಿಗೆ ಅದನ್ನು ಐಚ್ಛಿಕಗೊಳಿಸುವಂತೆ ಸೂಚಿಸಿತು. ನನ್ನ ಅಭಿಪ್ರಾಯದಲ್ಲಿ ಆ ಪಾಲು ಇರುವುದು ಮೌನದಲ್ಲಿ. ವಯಸ್ಕರೊಡನೆ ಗುಟ್ಟಿನ ಸಂಬಂಧವಿರುವ ಪಾದ್ರಿ, ಮಗುವನ್ನು ಪೀಡಿಸುತ್ತಿರುವ ಸಹೋದ್ಯೋಗಿಯ ಮೇಲೆ ದೂರು ಕೊಡಲು ಹಿಂಜರಿಯುತ್ತಾನೆ, ಏಕೆಂದರೆ ತನ್ನ ಗುಟ್ಟು ಆ ಸಹೋದ್ಯೋಗಿಗೆ ಗೊತ್ತು. ಇದಕ್ಕೆ, ಎಳೆಯ ಹುಡುಗರನ್ನು ಮನೆಯಿಂದ ಬಿಡಿಸಿ ಗುರುಮಠಕ್ಕೆ, ಅಂದರೆ ಪಾದ್ರಿಗಳ ತರಬೇತಿಯ ಸೆಮಿನರಿಗೆ, ಸೇರಿಸಿ ಲೈಂಗಿಕತೆಯ ಬಗ್ಗೆ ಒಂದು ಮಾತನ್ನೂ ಆಡದೆ ಬೆಳೆಸಿದ ಪದ್ಧತಿಯನ್ನೂ, ಪಾದ್ರಿಯ ಮಾತಿಗೆ ಎದುರಾಡಬಾರದೆಂಬ ಭಕ್ತರ ಅಂಜಿಕೆಯನ್ನೂ ಸೇರಿಸಿ ನೋಡಿದರೆ ಆ ವರದಿಯ ಮಾತಿನ ಅರ್ಥವಾದೀತು.

ರೋಮ್ ಏಕೆ ಒಪ್ಪುತ್ತಿಲ್ಲ ಎಂಬುದಕ್ಕೆ: ಪಾದ್ರಿಗಳ ಮದುವೆ ಅಸಿಂಧುವೆಂದು 1139ರ ಎರಡನೆಯ ಲ್ಯಾಟರನ್ ಮಹಾಸಭೆ ಘೋಷಿಸಿತು, ಆದರೆ ಬ್ರಹ್ಮಚರ್ಯ ಯಾಜಕತ್ವದ ಸ್ವರೂಪಕ್ಕೇ ಅನಿವಾರ್ಯವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಪೋಪರನ್ನು ಒಪ್ಪುವ ಪೌರಸ್ತ್ಯ ಧರ್ಮಸಭೆಗಳು ಹಲವಲ್ಲಿ, ಉದಾಹರಣೆಗೆ ಉಕ್ರೇನಿನಲ್ಲಿ, ವಿವಾಹಿತ ಪಾದ್ರಿಗಳಿದ್ದಾರೆ. ಆಂಗ್ಲಿಕನ್ ಸಭೆಯಿಂದ ಬಂದ ವಿವಾಹಿತರಿಗೂ ದೀಕ್ಷೆ ಕೊಡಲಾಗಿದೆ. ಅಮೆಜಾನ್ ಪ್ರದೇಶದಲ್ಲಿ ಪಾದ್ರಿಗಳ ಕೊರತೆಗಾಗಿ ವಿವಾಹಿತರಿಗೆ ದೀಕ್ಷೆ ಕೊಡುವ ಪ್ರಸ್ತಾಪಕ್ಕೆ 2019ರ ಧರ್ಮಾಧ್ಯಕ್ಷರ ಸಮಾವೇಶ 128–41 ಮತಗಳಿಂದ ಒಪ್ಪಿಗೆ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದರ ಬಗ್ಗೆ ಏನನ್ನೂ ಹೇಳದೆ ಬಿಟ್ಟರು. ಬದಲಾಯಿಸಬಹುದಾದ ನಿಯಮ ಅದು. ಪಾದ್ರಿಗಳ ಕೊರತೆಗಾಗಿ, ಒಂಟಿತನಕ್ಕಾಗಿ, ಪ್ರಾಮಾಣಿಕತೆಗಾಗಿ ಬದಲಾಯಿಸಿ ಎಂದು ವಾದಿಸಿ. ನಾನೂ ನಿಮ್ಮ ಜೊತೆಗಿರುತ್ತೇನೆ. ಹೆಂಡತಿಯನ್ನು ಮಕ್ಕಳ ಕಾವಲಿಗೆ ನೇಮಿಸುವ ವಾದಕ್ಕೆ ಮಾತ್ರ ನನ್ನನ್ನು ಕರೆಯಬೇಡಿ.

ಪ್ರಶ್ನೆ: ಸಂತ್ರಸ್ತರಲ್ಲಿ ಹೆಚ್ಚಿನವರು ಹುಡುಗರು. ಸಲಿಂಗಿಗಳನ್ನು ಸೆಮಿನರಿಗೆ ಸೇರಿಸದಿದ್ದರೆ ಸಾಲದೇ?

ಸಾಲದು. ಅಮೆರಿಕದ ಧರ್ಮಾಧ್ಯಕ್ಷರೇ ಜಾನ್ ಜೇ ಕಾಲೇಜಿನಿಂದ ಮಾಡಿಸಿದ ಅಧ್ಯಯನದ 2011ರ ವರದಿ ಈ ಸಂಬಂಧವನ್ನು ತಳ್ಳಿಹಾಕಿದೆ. ಪಾದ್ರಿಯ ಪಕ್ಕದಲ್ಲಿ ಒಂಟಿಯಾಗಿ ಸಿಗುತ್ತಿದ್ದವರು ಬಲಿಪೀಠದ ಸೇವೆಯ ಹುಡುಗರು, ಹುಡುಗಿಯರಲ್ಲ.

ಪ್ರಶ್ನೆ: ಸೆಮಿನರಿಗೆ ಸೇರಿಸುವಾಗಲೇ ಮನೋವೈಜ್ಞಾನಿಕ ಪರೀಕ್ಷೆಯಿಂದ ಇಂಥವರನ್ನು ಪತ್ತೆ ಹಚ್ಚಬಹುದಲ್ಲವೇ?

ಪತ್ತೆ ಹಚ್ಚಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ಅನೇಕರ ಮೊದಲ ಅಪರಾಧ ನಡೆದದ್ದು ದೀಕ್ಷೆಯಾಗಿ ಹಲವು ವರ್ಷಗಳ ಮೇಲೆ. ಪರೀಕ್ಷೆ ಇರಲಿ, ಆದರೆ ದೀಕ್ಷೆಯ ನಂತರದ ಮೇಲ್ವಿಚಾರಣೆಗೆ ಅದು ಬದಲಿಯಲ್ಲ.

ಪ್ರಶ್ನೆ: ಧ್ಯಾನಕೂಟ ಮತ್ತು ಆಪ್ತಸಮಾಲೋಚನೆಯಿಂದ ಅಂಥ ಪಾದ್ರಿಯನ್ನು ಸರಿಪಡಿಸಿ ಸೇವೆಗೆ ಮರಳಿಸಬಹುದೇ?

ಈ ಔಷಧಿಯನ್ನು ಮಾರಿದವರು ಮಾಡಿದ ಹಾನಿಗೆ ಲೆಕ್ಕವಿಲ್ಲ. ಇಂಥವರನ್ನು ಸೇವೆಗೆ ಮರಳಿಸಬಾರದೆಂದು, ಪಾದ್ರಿಗಳ ಆರೈಕೆಗೆಂದೇ ನ್ಯೂ ಮೆಕ್ಸಿಕೊದಲ್ಲಿ ಕೇಂದ್ರ ತೆರೆದಿದ್ದ ಜೆರಾಲ್ಡ್ ಫಿಟ್ಜ್‌ಜೆರಾಲ್ಡ್ 1950ರ ದಶಕದಲ್ಲೇ ಧರ್ಮಾಧ್ಯಕ್ಷರಿಗೆ ಬರೆದಿದ್ದರು, 1963ರಲ್ಲಿ ಪೋಪ್ ಆರನೆಯ ಪೌಲರಿಗೂ ಬರೆದರು. ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ ಎನ್ನುವವರೂ ಇದನ್ನು ಓದಿಕೊಳ್ಳಲಿ.

ಪ್ರಶ್ನೆ: ಪಾಪನಿವೇದನೆಯ ಗೋಪ್ಯತೆ ಇರುವವರೆಗೆ ಸತ್ಯ ಹೊರಬರುವುದೇ?

ಆ ಗೋಪ್ಯತೆಯನ್ನು ಮುರಿಯಲು ಧರ್ಮಸಭೆಯ ಕಾನೂನು ಯಾವ ಕಾರಣಕ್ಕೂ ಬಿಡುವುದಿಲ್ಲ. ಆಸ್ಟ್ರೇಲಿಯಾದ ಕೆಲವು ರಾಜ್ಯಗಳು ಅದನ್ನು ಮುರಿದಾದರೂ ದೂರು ಕೊಡಲೇಬೇಕೆಂದು ಕಾನೂನು ಮಾಡಿವೆ. ಆದರೆ ಧರ್ಮಾಧ್ಯಕ್ಷರ ಬೀರುಗಳಲ್ಲಿದ್ದ ದೂರುಪತ್ರಗಳು ಪಾಪನಿವೇದನೆಯಲ್ಲಿ ಬಂದವಲ್ಲ. ಅವುಗಳಿಗೆ ಹೊದಿಸಿದ್ದ ರೋಮಿನ ಗೋಪ್ಯತೆಯ ನಿಯಮವನ್ನು ಇಂಥ ಪ್ರಕರಣಗಳ ಮಟ್ಟಿಗೆ 2019ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು, ಅದೂ ಬಹಳ ತಡವಾಗಿ.

ಪ್ರಶ್ನೆ: ಮಗುವೊಂದು ಇಂಥದ್ದನ್ನು ಹೇಳಿದರೆ ಮೊದಲು ಧರ್ಮಾಧ್ಯಕ್ಷರಿಗೆ ತಿಳಿಸಬೇಕೇ?

ಮೊದಲು ಪೊಲೀಸರಿಗೆ. ಮಗು ಆಡಿದ ಮಾತನ್ನು ಅದು ಆಡಿದಂತೆಯೇ ದಿನಾಂಕ ಸಮೇತ ಬರೆದಿಡಿ, ಪದೇ ಪದೇ ಕೆದಕಿ ಕೇಳಬೇಡಿ, ಆರೋಪಿಯ ಮುಂದೆ ನಿಲ್ಲಿಸಿ ಸತ್ಯ ತಿಳಿಯುತ್ತೇನೆಂಬ ಮೂರ್ಖತನಕ್ಕಂತೂ ಇಳಿಯಬೇಡಿ. ಧರ್ಮಾಧ್ಯಕ್ಷರಿಗೆ ಪತ್ರ ಬರೆಯುವುದು ಅದಾದ ಮೇಲಿನ ಕೆಲಸ. ದೂರು ಕೊಟ್ಟವರ ಮೇಲೆ ಮೌನದ ಷರತ್ತು ಹೇರುವಂತಿಲ್ಲವೆಂದು 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ನಿಯಮ ಹೇಳುತ್ತದೆ. ಯಾರಾದರೂ ಅಂಥ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ, ಅದರ ಪ್ರತಿಯನ್ನು ಮಾತ್ರ ಕೇಳಿ ಪಡೆದು ನಿಮ್ಮ ವಕೀಲರಿಗೆ ಕೊಡಿ.